ತಜ್ಞರ ಉತ್ತರ: ಸಿನಿಮಾ ಹೊಡೆದಾಟದಲ್ಲಿ ಮುರಿಯದ ಕೈ ನಿಜದಲ್ಲಿ ಏಕೆ ಮುರಿಯಿತು?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಸಿನಿಮಾ ಹೊಡೆದಾಟಗಳೆಂದರೆ ಅವನಿಗೆ ಪ್ರಾಣ. ಒಂದೊಂದು ದೃಶ್ಯವನ್ನೂ ಹತ್ತಾರು ಸಲ ನೋಡಿ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಾನೆ. ಹತ್ತು ದಿನಗಳ ಹಿಂದೆ ಸಹಪಾಠಿಯೊಬ್ಬನ ಜೊತೆ ಮಾತಿಗೆ ಮಾತು ಬೆಳೆದು, ಅವನ ಮುಖಕ್ಕೆ ಒಂದೇ ಒಂದು ಗುದ್ದು ಕೊಟ್ಟ. ಇವನ ಕಿರುಬೆರಳಿನ ಬುಡದ ಮೂಳೆ ಮುರಿದು ಈಗ ಪ್ಲಾಸ್ಟರ್ ಹಾಕಿದ್ದಾರೆ. ಆ ಹುಡುಗ ಬಿದ್ದಾಗ ತಲೆ ನೆಲಕ್ಕೆ ಬಡಿದು ಅರ್ಧ ನಿಮಿಷ ಪ್ರಜ್ಞೆ ಇರಲಿಲ್ಲವಂತೆ, ಆಮೇಲೆ ತಾನೇ ಎದ್ದು ಮನೆಗೆ ಹೋದನಂತೆ. ಈಗಲೂ ಸ್ವಲ್ಪ ತಲೆನೋವಿದೆ ಎಂದು ಕೇಳಿದೆ. ನನ್ನ ಮಗನಿಗೆ ಪಶ್ಚಾತ್ತಾಪವಿದೆ, ಆದರೆ ಅವನು ಹೇಳುವುದು ಇಷ್ಟು: "ಸಿನಿಮಾದಲ್ಲಿ ಇಪ್ಪತ್ತು ಜನರನ್ನು ಹೊಡೆದರೂ ಕೈಗೆ ಏನೂ ಆಗುವುದಿಲ್ಲ. ನನಗೆ ಸರಿಯಾದ ತಂತ್ರ ಗೊತ್ತಿರಲಿಲ್ಲ. ನಿಜವಾದ ಫೈಟಿಂಗ್ ಕಲಿಯುತ್ತೇನೆ." ತೆರೆಯ ಮೇಲೆ ಕಾಣುವುದರಲ್ಲಿ ಎಷ್ಟು ನಿಜ? ಅವನನ್ನು ಕಲಿಯಲು ಬಿಡಬಹುದೇ? ಇಂಥ ಸಿನಿಮಾ ನೋಡದಂತೆ ತಡೆಯಬೇಕೇ?

ಉತ್ತರ: ನಿಮ್ಮ ಪತ್ರದ ಹೆಚ್ಚಿನ ಭಾಗ ಮಗನ ಕೈಯ ಬಗ್ಗೆ ಇದೆ, ಅದು ಸಹಜವೇ. ಆದರೆ ಓದುವಾಗ ನನ್ನ ಕಣ್ಣು ನಿಂತದ್ದು ಆ ಇನ್ನೊಬ್ಬ ಹುಡುಗನ ಬಗೆಗಿನ ಎರಡು ಸಾಲುಗಳ ಮೇಲೆ. ಆದ್ದರಿಂದ ಸಿನಿಮಾದ ವಿಷಯಕ್ಕೆ ಬರುವ ಮೊದಲು ಅವನ ವಿಷಯ. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರನ್ನು, ಅದು ಎಷ್ಟೇ ಕಡಿಮೆ ಹೊತ್ತಾಗಿರಲಿ, ಅಂದೇ ವೈದ್ಯರಿಗೆ ತೋರಿಸಬೇಕು. ಅವನನ್ನು ಆ ದಿನ ಯಾರಿಗೂ ತೋರಿಸಿಲ್ಲವಾದರೆ, ಈ ಉತ್ತರ ಓದಿದ ದಿನವೇ ತೋರಿಸಲು ಹೇಳಿ. ಹತ್ತು ದಿನಗಳ ನಂತರವೂ ಉಳಿದಿರುವ ತಲೆನೋವು ಬಹುಮಟ್ಟಿಗೆ ಮಿದುಳು ಅದುರಿದ್ದರ ಪರಿಣಾಮವಾಗಿದ್ದು, ಕ್ರಮೇಣ ತಾನಾಗಿಯೇ ಇಳಿಯಬಹುದು. ಆದರೆ ಬುರುಡೆಯೊಳಗೆ ಸಣ್ಣ ರಕ್ತನಾಳವೊಂದು ಹರಿದು, ದಿನಗಟ್ಟಲೆ ನಿಧಾನವಾಗಿ ರಕ್ತ ಶೇಖರಗೊಳ್ಳುವುದೂ ಉಂಟು, ಅದರ ಆರಂಭವೂ ಹೀಗೆಯೇ ಇರುತ್ತದೆ. ಎರಡನ್ನೂ ಬೇರ್ಪಡಿಸಲು ರೋಗಿಯನ್ನು ಮುಂದೆ ಕೂರಿಸಿಕೊಂಡು ಪರೀಕ್ಷಿಸಬೇಕು, ಅಗತ್ಯವೆನಿಸಿದರೆ ಸ್ಕ್ಯಾನ್ ಮಾಡಬೇಕು. ತಲೆನೋವು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಒಂದು ಕೈಯೋ ಕಾಲೋ ಸೋತಂತಾದರೆ, ಅವೇಳೆಯಲ್ಲಿ ಮಂಪರು ಕವಿದರೆ, ಫಿಟ್ಸ್ ಬಂದರೆ, ಮೂಗಿನಿಂದ ಅಥವಾ ಕಿವಿಯಿಂದ ನೀರಿನಂಥ ದ್ರವ ಸೋರಿದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಜಗಳವಾದ ಮನೆಗೆ ಫೋನ್ ಮಾಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಆದರೂ ಮಾಡಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಾನು ತುರ್ತು ಚಿಕಿತ್ಸಾ ವಿಭಾಗದ ವೈದ್ಯ. ಹೊಡೆದಾಡಿಕೊಂಡು ಬಂದವರನ್ನು ರಾತ್ರಿ ಪಾಳಿಗಳಲ್ಲಿ ನೋಡುತ್ತಲೇ ಬಂದಿದ್ದೇನೆ, ಬಾಕ್ಸಿಂಗ್ ಪಂದ್ಯಗಳಲ್ಲಿ ರಿಂಗ್ ಪಕ್ಕದ ವೈದ್ಯನಾಗಿಯೂ ಕುಳಿತಿದ್ದೇನೆ. ಈ ಎರಡೂ ಅನುಭವಗಳಿಂದ ಹೇಳುವುದಾದರೆ, ನಿಮ್ಮ ಮಗನ ಮಾತಿನಲ್ಲಿ ಒಂದು ತಪ್ಪಿದೆ. ಅವನು ಸಿನಿಮಾದ ತಂತ್ರವನ್ನು ಅರ್ಧಂಬರ್ಧ ಕಲಿತದ್ದರಿಂದ ಕೈ ಮುರಿಯಲಿಲ್ಲ. ಅದನ್ನು ಚೆನ್ನಾಗಿ ಕಲಿತಿದ್ದರಿಂದಲೇ ಮುರಿದಿರುವ ಸಾಧ್ಯತೆ ಹೆಚ್ಚು.

ತೆರೆಯ ಮೇಲಿನ ಗುದ್ದು ತಾಗದಿರಲೆಂದೇ ರೂಪುಗೊಂಡದ್ದು. ಸಾಹಸ ನಿರ್ದೇಶಕರು ಕ್ಯಾಮೆರಾವನ್ನು ಒಬ್ಬನ ಭುಜದ ಹಿಂದೆ ಇಡುತ್ತಾರೆ, ಮುಷ್ಟಿಯು ಎದುರಾಳಿಯ ಮುಖದಿಂದ ಗೇಣುದ್ದ ದೂರದಲ್ಲಿ ಹಾದುಹೋಗುತ್ತದೆ, ಆದರೆ ಲೆನ್ಸಿನ ನೇರದಲ್ಲಿ ನೋಡಿದಾಗ ಮುಷ್ಟಿಯೂ ಮುಖವೂ ಒಂದರ ಮೇಲೊಂದು ಬಂದು ಆ ಅಂತರ ಮಾಯವಾಗುತ್ತದೆ. ಹೊಡೆತವನ್ನು ನಂಬಿಸುವವನು ಹೊಡೆಯುವವನಲ್ಲ, ಸರಿಯಾದ ಕ್ಷಣಕ್ಕೆ ಕತ್ತು ತಿರುಗಿಸಿ ಬೀಳುವವನು. ಶಬ್ದವನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸುತ್ತಾರೆ. ಹಾಲಿವುಡ್ಡಿನ ಜಾಕ್ ಫೋಲಿ ಬೆಳೆಸಿದ ಆ ಕಲೆಗೆ ಇಂದಿಗೂ ಅವರದೇ ಹೆಸರಿದೆ. ಮಾಂಸದ ತುಂಡಿಗೆ ಬಡಿದ ಸದ್ದನ್ನೂ ಗರಿಗರಿಯಾದ ತರಕಾರಿಯ ದಂಟು ಮುರಿದ ಸದ್ದನ್ನೂ ಬೆರೆಸಿ ಮೂಳೆ ಮುರಿದ ಭ್ರಮೆ ಹುಟ್ಟಿಸುವುದು ಹಳೆಯ ಪದ್ಧತಿ. ನಿಜವಾದ ಗುದ್ದು ಅಷ್ಟು ಸದ್ದು ಮಾಡುವುದಿಲ್ಲ. ರಿಂಗ್ ಪಕ್ಕದಲ್ಲಿ ಕುಳಿತವನಿಗೆ ಕೇಳಿಸುವುದು ದಿಂಬಿಗೆ ಬಡಿದಂಥ ಮಂದವಾದ ಸದ್ದು, ಅತ್ಯಂತ ಅಪಾಯಕಾರಿ ಹೊಡೆತಗಳು ಎಷ್ಟೋ ಸಲ ಕೇಳಿಸುವುದೇ ಇಲ್ಲ.

ಇದನ್ನು ಮೋಸವೆಂದು ನಾನು ಹೇಳುತ್ತಿಲ್ಲ. ಸಾಹಸ ಕಲಾವಿದರ ಮೇಲೆ ನನಗೆ ಅಪಾರ ಗೌರವವಿದೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ಅವರ ಮಣಿಕಟ್ಟು, ಭುಜ, ಬೆನ್ನುಮೂಳೆಗಳು ನಿಜವಾಗಿಯೇ ಪೆಟ್ಟು ತಿನ್ನುತ್ತವೆ. ಆದರೆ ಒಂದು ಮಾತನ್ನು ಮಗನಿಗೆ ತಿಳಿಸಿ ಹೇಳಿ: ಪ್ರೇಕ್ಷಕನ ಕಣ್ಣಿಗೆ ಕಾಣಬೇಕೆಂದು ತೋಳನ್ನು ಹಿಂದಕ್ಕೆ ಎಳೆದು, ದೊಡ್ಡ ಕಮಾನಿನಂತೆ ಬೀಸುವ ಆ ಗುದ್ದು ಕ್ಯಾಮೆರಾಕ್ಕಾಗಿ ಇರುವುದು. ಹಾಗೆ ಬೀಸಿದ ಮುಷ್ಟಿ ನಿಜವಾಗಿ ತಲೆಗೆ ತಾಗಿದಾಗ, ಗಟ್ಟಿಯಾದ ತೋರುಬೆರಳು ಮತ್ತು ಮಧ್ಯದ ಬೆರಳಿನ ಗೆಣ್ಣುಗಳ ಬದಲು ಕಿರುಬೆರಳಿನ ಗೆಣ್ಣು ಮುಂದಾಗಿ ತಾಗುತ್ತದೆ. ಕೈಯಲ್ಲಿರುವ 27 ಮೂಳೆಗಳಲ್ಲಿ ಕಿರುಬೆರಳಿನ ಬುಡದ ಅಂಗೈ ಮೂಳೆ ತೆಳ್ಳಗಿನದು, ಅದರ ಕುತ್ತಿಗೆಯ ಭಾಗ ಇನ್ನೂ ಸಪುರ. ಎದುರಿಗಿರುವುದು ಮಿದುಳನ್ನು ಕಾಯಲೆಂದೇ ಕಮಾನಾಗಿ ಬೆಳೆದ ಬುರುಡೆ. ಯಾವುದು ಮುರಿಯಬೇಕೆಂಬುದು ಮೊದಲೇ ತೀರ್ಮಾನವಾದಂತೆ. ವೈದ್ಯಕೀಯದಲ್ಲಿ ಈ ಮುರಿತಕ್ಕೆ ಬಾಕ್ಸರನ ಮುರಿತ ಎಂದೇ ಹೆಸರಿದೆ, ಆದರೆ ಅದು ನುರಿತ ಬಾಕ್ಸರುಗಳಿಗಿಂತ ಸಿಟ್ಟಿನಲ್ಲಿ ಗೋಡೆಗೋ ಮುಖಕ್ಕೋ ಗುದ್ದಿದ ಯುವಕರಲ್ಲಿ ಹೆಚ್ಚು.

ಹಾಗಾದರೆ ಸರಿಯಾದ ತಂತ್ರ ಕಲಿತರೆ ಕೈ ಉಳಿಯುತ್ತದೆಯೇ? ಸ್ವಲ್ಪಮಟ್ಟಿಗೆ ಮಾತ್ರ. ವರ್ಷಗಟ್ಟಲೆ ಪಳಗಿದ ಬಾಕ್ಸರುಗಳು ಕೂಡ ಮೀಟರುಗಟ್ಟಲೆ ಬಟ್ಟೆಯ ಪಟ್ಟಿಯನ್ನು ಮಣಿಕಟ್ಟಿನಿಂದ ಗೆಣ್ಣುಗಳವರೆಗೆ ಸುತ್ತಿ, ಅದರ ಮೇಲೆ ಗ್ಲೋವ್ಸ್ ತೊಟ್ಟೇ ಹೊಡೆಯುತ್ತಾರೆ. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಗ್ಲೋವ್ಸನ್ನು ಕಡ್ಡಾಯ ಮಾಡಿದಾಗ ಆಟ ಸೌಮ್ಯವಾಯಿತೆಂದು ಹಲವರು ಭಾವಿಸುತ್ತಾರೆ. ಗ್ಲೋವ್ಸ್ ಮುಖ್ಯವಾಗಿ ಕಾಪಾಡುವುದು ಹೊಡೆಯುವವನ ಕೈಯನ್ನು. ಮುಖದ ಚರ್ಮ ಹರಿಯುವುದು ಅದರಿಂದ ಕಡಿಮೆಯಾಗುತ್ತದೆ ನಿಜ, ಆದರೆ ಕೈ ನೋಯದಿರುವುದರಿಂದಲೇ ತಲೆಗೆ ಹೆಚ್ಚು ಸಲ, ಹೆಚ್ಚು ಬಲವಾಗಿ ಹೊಡೆಯಲು ಸಾಧ್ಯವಾಗುತ್ತದೆ.

ಕೈಯ ವಿಷಯದಲ್ಲಿ ಮುರಿತಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸುವುದು ಇನ್ನೊಂದಿದೆ, ಅದನ್ನು ಯಾವ ಸಿನಿಮಾದಲ್ಲೂ ನಾನು ನೋಡಿಲ್ಲ. ಗುದ್ದಿದವನ ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಉದ್ದದ ಗಾಯ. ಎದುರಾಳಿಯ ಹಲ್ಲು ತಾಗಿ ಆದದ್ದು. ಇಂಥ ಯುವಕ ಬಂದಾಗ ಬೆರಳು ಚಾಚಿಕೊಂಡು ಗಾಯ ತೋರಿಸುತ್ತಾನೆ, ಒಳಗೆಲ್ಲ ಶುಭ್ರವಾಗಿರುವಂತೆ ಕಾಣುತ್ತದೆ. ದೀಪದ ಕೆಳಗೆ ಅವನಿಗೆ ನಿಧಾನವಾಗಿ ಮುಷ್ಟಿ ಕಟ್ಟಲು ಹೇಳುತ್ತೇನೆ. ಮುಷ್ಟಿ ಬಿಗಿಯಾಗುತ್ತಿದ್ದಂತೆ ಚರ್ಮದ ಕೆಳಗಿನ ಬಿಳಿಯ ಸ್ನಾಯುರಜ್ಜು ಮುಂದಕ್ಕೆ ಸರಿಯುತ್ತದೆ, ಆಗ ಅದರ ಮೇಲಿನ ಸೀಳು ಗಾಯದ ಬಾಯಿಯಲ್ಲಿ ಬಂದು ನಿಲ್ಲುತ್ತದೆ. ಅದರ ಕೆಳಗೆ ಇರುವುದು ಕೀಲು. ಹೊಡೆದ ಕ್ಷಣದಲ್ಲಿ ಹಲ್ಲು ಬಾಯಿಯ ಸೂಕ್ಷ್ಮಾಣುಗಳನ್ನು ನೇರವಾಗಿ ಆ ಕೀಲಿನೊಳಗೆ ಇಟ್ಟಿರುತ್ತದೆ, ಬೆರಳು ಚಾಚಿದಾಗ ರಜ್ಜು ಹಿಂದೆ ಸರಿದು ಬಾಗಿಲು ಮುಚ್ಚಿಬಿಡುತ್ತದೆ. ಒಂದೆರಡು ದಿನಗಳಲ್ಲಿ ಕೈ ಊದಿಕೊಂಡು ಕೀವಾಗುತ್ತದೆ, ತಡವಾದರೆ ಆ ಬೆರಳು ಜೀವನವಿಡೀ ಬಗ್ಗದಂತಾಗಬಹುದು. ನಿಮ್ಮ ಮಗನಿಗೆ ಪ್ಲಾಸ್ಟರ್ ಹಾಕುವ ಮುನ್ನ ಗೆಣ್ಣಿನ ಮೇಲೆ ಗೀರು ಇತ್ತೇ ಎಂದು ಕೇಳಿ. ಇದ್ದರೆ, ಅಥವಾ ಪ್ಲಾಸ್ಟರಿನೊಳಗೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಜ್ವರವಿದ್ದರೆ, ಚಿಕಿತ್ಸೆ ಕೊಟ್ಟ ವೈದ್ಯರಿಗೆ ಹಲ್ಲು ತಾಗಿದ ವಿಷಯವನ್ನು ಸ್ಪಷ್ಟವಾಗಿ ತಿಳಿಸಬೇಕು. ಜಗಳದ ವಿಷಯ ಹೇಳಲು ನಾಚಿ, ಬಿದ್ದು ಗಾಯವಾಯಿತು ಎಂದು ಸುಳ್ಳು ಹೇಳಿದವರಲ್ಲೇ ಈ ಸೋಂಕು ಕೈಮೀರುತ್ತದೆ.

ಎರಡನೆಯ ದೊಡ್ಡ ಸುಳ್ಳು ಪ್ರಜ್ಞೆ ತಪ್ಪುವುದರದು. ತೆರೆಯ ಮೇಲೆ ಕುತ್ತಿಗೆಯ ಹಿಂದೆ ಅಂಗೈ ಅಂಚಿನ ಒಂದು ಏಟು ಬಿದ್ದರೆ ಕಾವಲುಗಾರ ಅರ್ಧ ಗಂಟೆ ಮಲಗುತ್ತಾನೆ, ಎದ್ದಮೇಲೆ ತಲೆ ಸವರಿಕೊಂಡು ಕೆಲಸಕ್ಕೆ ಹೋಗುತ್ತಾನೆ. ನಿದ್ದೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ದವಡೆಗೆ ಪಕ್ಕದಿಂದ ಪೆಟ್ಟು ಬಿದ್ದಾಗ ತಲೆ ಥಟ್ಟನೆ ತಿರುಗುತ್ತದೆ, ಮೊಸರಿನ ಗಡಸಿಗಿಂತ ತುಸು ಹೆಚ್ಚು ಗಡಸಿನ ಮಿದುಳು ಬುರುಡೆಯ ತಿರುಗುವಿಕೆಗಿಂತ ಒಂದು ಕ್ಷಣ ಹಿಂದುಳಿಯುತ್ತದೆ, ಆ ಎಳೆತದಲ್ಲಿ ನರತಂತುಗಳು ಹಿಗ್ಗಿ ಎಚ್ಚರವನ್ನು ಕಾಯುವ ವ್ಯವಸ್ಥೆ ಕೆಲಹೊತ್ತು ಕೈಕೊಡುತ್ತದೆ. ಅಂದರೆ ಪ್ರಜ್ಞೆ ತಪ್ಪುವುದೆಂದರೆ ಮಿದುಳಿಗೆ ಗಾಯವಾಗುವುದು. ರಿಂಗಿನಲ್ಲಿ ಹೀಗೆ ಬಿದ್ದವರಲ್ಲಿ ಹೆಚ್ಚಿನವರು ಕೆಲವೇ ಸೆಕೆಂಡುಗಳಲ್ಲಿ ಕಣ್ಣು ತೆರೆಯುತ್ತಾರೆ. ನಿಮಿಷಗಟ್ಟಲೆ ಏಳದಿದ್ದರೆ ಅಲ್ಲಿರುವ ನಮಗೆಲ್ಲ ಎದೆ ಒಡೆಯುತ್ತದೆ. ಅರ್ಧ ಗಂಟೆ ಏಳದವನು ತೀವ್ರ ನಿಗಾ ಘಟಕಕ್ಕೆ ಹೋಗಬೇಕಾದವನು.

ಎದ್ದಮೇಲಿನದನ್ನೂ ಸಿನಿಮಾ ತೋರಿಸುವುದಿಲ್ಲ. ಒಮ್ಮೆ ಒಬ್ಬ ಯುವ ಬಾಕ್ಸರ್ ಎಣಿಕೆ ಎಂಟಕ್ಕೆ ಬರುವಷ್ಟರಲ್ಲಿ ಎದ್ದು ನಿಂತ, ಮುಗುಳ್ನಕ್ಕ, ಗ್ಲೋವ್ಸ್ ಎತ್ತಿದ. ರೆಫರಿ ಪಂದ್ಯ ನಿಲ್ಲಿಸಿದರು. ಅವನನ್ನು ಕುರ್ಚಿಯಲ್ಲಿ ಕೂರಿಸಿ ಕಣ್ಣಿಗೆ ಟಾರ್ಚ್ ಬಿಟ್ಟಾಗ, "ನಾನು ಯಾವ ರೌಂಡಿನಲ್ಲಿದ್ದೇನೆ?" ಎಂದು ಕೇಳಿದ. ಹೇಳಿದೆ. ತಲೆಯಾಡಿಸಿದ. ಒಂದು ನಿಮಿಷದ ನಂತರ ಅದೇ ಧ್ವನಿಯಲ್ಲಿ, ಅದೇ ಮುಗುಳ್ನಗೆಯಲ್ಲಿ, ಮತ್ತೆ ಅದನ್ನೇ ಕೇಳಿದ. ಹೀಗೆ ಐದಾರು ಸಲ. ಪ್ರೇಕ್ಷಕರಿಗೆ ಅವನು ಚೆನ್ನಾಗಿಯೇ ಕಂಡಿರಬೇಕು. ಇಂಥವನಿಗೆ, ಮೊದಲ ಗಾಯ ಮಾಗುವ ಮೊದಲೇ ಎರಡನೆಯ ಪೆಟ್ಟು ಬಿದ್ದರೆ ಮಿದುಳು ಊದಿಕೊಂಡು ಪ್ರಾಣ ಹೋಗುವುದು ಅಪರೂಪವಾದರೂ ನಿಜ. ವರ್ಷಗಟ್ಟಲೆ ಪೆಟ್ಟು ತಿಂದವರಲ್ಲಿ ನಡಿಗೆ, ಮಾತು, ನೆನಪು ಕೆಡುವುದನ್ನು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಲ್ಲೇ ಬಾಕ್ಸರುಗಳಲ್ಲಿ ಗುರುತಿಸಿ ಬರೆದಿದ್ದರು. ತಲೆಗೆ ಕವಚ ತೊಟ್ಟರೆ ಇದನ್ನು ತಡೆಯಬಹುದೆಂಬುದೂ ತಪ್ಪು ನಂಬಿಕೆ. ಅದು ಚರ್ಮದ ಗಾಯವನ್ನು ತಡೆಯುತ್ತದೆ, ತಲೆ ತಿರುಗುವುದನ್ನು ತಡೆಯುವುದಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ ಬಾಕ್ಸಿಂಗ್ ಕವಚವಿಲ್ಲದೆಯೇ ನಡೆಯಿತು.

ಆದರೆ ರಿಂಗಿನಲ್ಲಿ ಬೀಳುವವನಿಗೆ ಮೆತ್ತನೆಯ ಹಾಸಿದೆ, ಬೀದಿಯಲ್ಲಿ ಬೀಳುವವನಿಗೆ ಕಲ್ಲು. ಪ್ರಜ್ಞೆ ತಪ್ಪಿದವನು ಕೈ ಊರುವುದಿಲ್ಲ, ಮಂಡಿ ಮಡಿಸುವುದಿಲ್ಲ. ಕಡಿದ ಮರದಂತೆ ಬೀಳುತ್ತಾನೆ, ನಿಂತ ಎತ್ತರದಿಂದ ಹಿಂದಲೆ ನೇರವಾಗಿ ನೆಲಕ್ಕೆ. ಒಂದೇ ಗುದ್ದಿನಿಂದ ಸತ್ತವರ ವಿಷಯದಲ್ಲಿ ಎಷ್ಟೋ ಸಲ ಕೊಂದದ್ದು ಗುದ್ದಲ್ಲ, ನೆಲ. ಇಂಥ ಸಾವುಗಳು ಮರುಕಳಿಸಿದ್ದರಿಂದ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯವು 2014ರಲ್ಲಿ ಒಂದೇ ಗುದ್ದಿನ ಸಾವುಗಳನ್ನು ಗಮನದಲ್ಲಿಟ್ಟುಕೊಂಡು ಪ್ರತ್ಯೇಕ ಕಾನೂನನ್ನೇ ಮಾಡಿತು. ಇನ್ನೊಂದು ಅಪಾಯವೆಂದರೆ ಕಣತಲೆಯ ತೆಳ್ಳನೆಯ ಮೂಳೆ ಬಿರಿದು ಅದರ ಒಳಮೈಗೆ ಅಂಟಿಕೊಂಡಿರುವ ಅಪಧಮನಿ ಹರಿಯುವುದು. ಆಗ ಬಿದ್ದವನು ಎದ್ದು, ಮಾತನಾಡಿ, ನಡೆದು ಮನೆಗೆ ಹೋಗಿ, ಕೆಲವು ಗಂಟೆಗಳ ನಂತರ ಕುಸಿಯಬಹುದು. "ತಾನೇ ಎದ್ದು ಹೋದ" ಎಂಬ ಮಾತು ನನಗೆ ಎಂದೂ ಸಮಾಧಾನ ತರದಿರುವುದು ಇದಕ್ಕಾಗಿಯೇ.

ಬಾಟಲಿಯ ವಿಷಯವೂ ಹೀಗೆಯೇ. ಚಿತ್ರೀಕರಣದಲ್ಲಿ ತಲೆಯ ಮೇಲೆ ಒಡೆಯುವುದು ಸಕ್ಕರೆ ಪಾಕದಿಂದಲೋ ರಾಳದಿಂದಲೋ ಮಾಡಿದ ಹುಸಿಗಾಜು. ನಿಜವಾದ ಬಿಯರ್ ಬಾಟಲಿಗಳನ್ನು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಿಧಿವಿಜ್ಞಾನ ತಜ್ಞರು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು: ತುಂಬಿದ ಬಾಟಲಿ ಒಡೆಯಲು 30 ಜೂಲ್, ಖಾಲಿ ಬಾಟಲಿ ಒಡೆಯಲು 40 ಜೂಲ್ ಶಕ್ತಿ ಬೇಕಾಯಿತು, ಬುರುಡೆ ಬಿರಿಯಲು ಅದಕ್ಕಿಂತ ಕಡಿಮೆ ಶಕ್ತಿಯೂ ಸಾಕಾಗಬಹುದು. ಅಂದರೆ ಬಾಟಲಿ ಒಡೆಯದಿದ್ದರೂ ತಲೆ ಒಡೆದಿರಬಹುದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮೂಗಿಗೆ ಕೆಳಗಿನಿಂದ ಹೊಡೆದರೆ ಮೂಗಿನ ಮೂಳೆ ಮಿದುಳಿಗೆ ನುಗ್ಗುತ್ತದೆ ಎಂಬುದು ಕಟ್ಟುಕಥೆ. ಮೂಗಿನ ಬಹುಭಾಗ ಮೃದ್ವಸ್ಥಿ, ಮೂಳೆ ಪುಟ್ಟದು. ಆದರೆ ಮೂಗಿಗೆ ಪೆಟ್ಟು ತಿಂದವನ ಹೊಳ್ಳೆಯೊಳಗೆ ರಕ್ತ ಗಡ್ಡೆಕಟ್ಟಿ ಮೂಗು ಮುಚ್ಚಿಕೊಂಡರೆ ಅದನ್ನು ಕೂಡಲೇ ತೆಗೆಸಬೇಕು, ಇಲ್ಲವಾದರೆ ಮೃದ್ವಸ್ಥಿ ಸತ್ತು ಮೂಗು ಕುಸಿಯುತ್ತದೆ. ಕುತ್ತಿಗೆ ಹಿಸುಕಿಸಿಕೊಂಡವನು ಬಿಡಿಸಿಕೊಂಡ ಮೇಲೆ ಕೆಮ್ಮಿ ಸುಧಾರಿಸಿಕೊಳ್ಳುವುದನ್ನು ತೋರಿಸುತ್ತಾರೆ. ವಾಸ್ತವದಲ್ಲಿ ಗಂಟಲು ಗಂಟೆಗಳ ನಂತರ ಊದಿಕೊಳ್ಳಬಹುದು, ಕತ್ತಿನ ರಕ್ತನಾಳದ ಒಳಪದರ ಹರಿದು ದಿನಗಳ ನಂತರ ಪಾರ್ಶ್ವವಾಯು ಆಗಬಹುದು. ಚಾಕು ಇರಿತಕ್ಕೆ ಒಳಗಾದ ಹಲವರು ನನಗೆ ಹೇಳಿದ್ದು ಒಂದೇ ಮಾತು: ಗುದ್ದಿದ ಹಾಗಾಯಿತು, ಬಟ್ಟೆ ಒದ್ದೆಯಾದಾಗಲೇ ತಿಳಿಯಿತು. ದೇಹದಲ್ಲಿ ನಾಟಿಕೊಂಡ ಚಾಕುವನ್ನು ನಾಯಕನಂತೆ ಕಿತ್ತೆಸೆಯುವುದು ರಕ್ತಸ್ರಾವದ ತಡೆಯನ್ನೇ ಕಿತ್ತಂತೆ.

ಸಿನಿಮಾದವರು ಬಿಟ್ಟುಬಿಡುವ ನಿಜಗಳೂ ಇವೆ. ದೇಹದ ತಕ್ಷಣದ ಶಕ್ತಿ ಪೂರ್ಣ ಬಲದಲ್ಲಿ ಸುಮಾರು ಹತ್ತು ಸೆಕೆಂಡಿಗೆ ಮುಗಿಯುತ್ತದೆ. ತರಬೇತಿಯಿಲ್ಲದ ಇಬ್ಬರು ಒಂದು ನಿಮಿಷ ಹೊಡೆದಾಡಿದರೆ ತೋಳು ಎತ್ತಲಾಗದೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಏದುಸಿರು ಬಿಡುತ್ತಿರುತ್ತಾರೆ. ಪಳಗಿದವರಿಗೂ ಮೂರು ನಿಮಿಷಕ್ಕೊಮ್ಮೆ ಒಂದು ನಿಮಿಷದ ವಿಶ್ರಾಂತಿ ಇರುವುದು ಸುಮ್ಮನೆ ಅಲ್ಲ. ಬಲಗಡೆ ಪಕ್ಕೆಲುಬಿನ ಕೆಳಗೆ ಯಕೃತ್ತಿಗೆ ಬಿದ್ದ ಹೊಡೆತದಲ್ಲಿ ಒಂದೆರಡು ಸೆಕೆಂಡು ಏನೂ ಆಗುವುದಿಲ್ಲ, ಆಮೇಲೆ ಪೂರ್ಣ ಎಚ್ಚರವಿದ್ದರೂ ಕಾಲು ಮಡಿಸಿಕೊಂಡು ಕುಸಿಯುತ್ತಾರೆ. ಇನ್ನು ಇಪ್ಪತ್ತು ಜನ ಸುತ್ತ ನಿಂತು ಸರದಿಯಂತೆ ಒಬ್ಬೊಬ್ಬರೇ ಬರುವುದು ಎಲ್ಲಿಯೂ ಇಲ್ಲ. ಇಬ್ಬರಿದ್ದರೂ ಒಬ್ಬ ಹಿಂದಿನಿಂದ ಬರುತ್ತಾನೆ, ಬಿದ್ದವನಿಗೆ ಒದೆ ಬೀಳುತ್ತದೆ. ನಾನು ನೋಡಿರುವ ಅತಿ ಕೆಟ್ಟ ಗಾಯಗಳು ಬಿದ್ದಮೇಲೆ ತಲೆಗೆ ಬಿದ್ದ ಒದೆಗಳಿಂದ ಆದವು.

ಮಗನನ್ನು ಕಲಿಯಲು ಬಿಡಬಹುದೇ ಎಂದು ಕೇಳಿದ್ದೀರಿ. ಬಿಡಬಹುದು, ಆದರೆ ಏನನ್ನು ಕಲಿಯುತ್ತಾನೆ ಎಂಬುದರ ಮೇಲೆ ಅಪಾಯ ನಿಂತಿದೆ. ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್‌ಗಳಂಥ ಪೂರ್ಣ ಸಂಪರ್ಕದ ಆಟಗಳಲ್ಲಿ ನಿಜವಾದ ಹೊಡೆತ ಹೇಗಿರುತ್ತದೆ ಎಂಬ ಅರಿವು ಬೇಗ ಬರುತ್ತದೆ, ಹಲವು ಹುಡುಗರ ಸಿಟ್ಟು ಅಲ್ಲಿಯೇ ಇಳಿದದ್ದನ್ನು ಕಂಡಿದ್ದೇನೆ. ಆದರೆ ಪಂದ್ಯಕ್ಕಿಂತ ವಾರವಾರದ ಸ್ಪಾರಿಂಗ್‌ನಲ್ಲಿ, ಅಂದರೆ ಜೊತೆಗಾರನೊಡನೆ ನಡೆಸುವ ಅಭ್ಯಾಸದ ಹೊಡೆದಾಟದಲ್ಲಿ, ತಲೆಗೆ ಬೀಳುವ ಪೆಟ್ಟುಗಳೇ ಲೆಕ್ಕದಲ್ಲಿ ಹೆಚ್ಚು. ಜೂಡೋ, ಕುಸ್ತಿಗಳಲ್ಲಿ ಮುಷ್ಟಿಯ ಪೆಟ್ಟಿಲ್ಲ, ಬೀಳುವುದನ್ನು ಕಲಿಸುವುದೇ ಜೂಡೋದ ಮೊದಲ ಪಾಠ, ಮತ್ತು ನನ್ನ ದೃಷ್ಟಿಯಲ್ಲಿ ಸಾಮಾನ್ಯ ಮನುಷ್ಯನಿಗೆ ಜೀವನದಲ್ಲಿ ಅತ್ಯಂತ ಉಪಯೋಗಕ್ಕೆ ಬರುವ ಹೋರಾಟದ ವಿದ್ಯೆ ಅದೊಂದೇ. ಅಲ್ಲಿಯೂ ಭುಜ, ಮಂಡಿ, ಕುತ್ತಿಗೆಗಳಿಗೆ ಪೆಟ್ಟಾಗುತ್ತದೆ, ಕಲಿಯುವ ಮೊದಲ ತಿಂಗಳುಗಳಲ್ಲಿ ತಪ್ಪಾಗಿ ಬಿದ್ದು ತಲೆಗೆ ಏಟಾಗುವುದೂ ಇದೆ. ಅವನ ಆಸಕ್ತಿ ನಿಜವಾಗಿಯೂ ಸಿನಿಮಾದ ಹೊಡೆದಾಟದ ಸೊಗಸಿನಲ್ಲಿದ್ದರೆ ಸಾಹಸ ಕಲೆಯ ತರಬೇತಿಯೂ ಒಂದು ದಾರಿ. ಹೊಡೆಯದೆ ಹೊಡೆದಂತೆ ಕಾಣಿಸುವುದು ಎಷ್ಟು ಕಠಿಣ ಶಿಸ್ತು ಎಂಬುದು ಅಲ್ಲಿ ತಿಳಿಯುತ್ತದೆ, ಆದರೆ ಎತ್ತರದಿಂದ ಬೀಳುವ ಕೆಲಸವನ್ನು ಅನುಭವಿ ಗುರುವಿಲ್ಲದೆ ಮನೆಯಲ್ಲಿ ಪ್ರಯತ್ನಿಸಬಾರದು.

ತರಬೇತುದಾರರನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಅಭ್ಯಾಸದಲ್ಲಿ ಯಾರಿಗಾದರೂ ತಲೆಗೆ ಪೆಟ್ಟಾದರೆ ಏನು ಮಾಡುತ್ತೀರಿ? ಅಂದೇ ನಿಲ್ಲಿಸಿ, ವೈದ್ಯರು ಒಪ್ಪುವವರೆಗೆ ಸ್ಪಾರಿಂಗ್‌ಗೆ ಬಿಡುವುದಿಲ್ಲ ಎಂದರೆ ಅಲ್ಲಿ ಸೇರಿಸಬಹುದು. ಸ್ವಲ್ಪ ನೀರು ಕುಡಿದು ಮುಂದುವರಿಸುತ್ತೇವೆ ಎಂದರೆ ಬೇಡ. ಯಾವ ವಿದ್ಯೆ ಕಲಿತರೂ ಬೀದಿಯ ಜಗಳದಲ್ಲಿ ನೆಲ ಗಟ್ಟಿಯಾಗಿಯೇ ಇರುತ್ತದೆ. ಎದುರಿನವನು ಮೈಮೇಲೆ ಬಂದಾಗ ತೆರೆದ ಅಂಗೈಗಳನ್ನು ಮುಖದ ಎತ್ತರಕ್ಕೆ ಹಿಡಿದು, ಎರಡು ಹೆಜ್ಜೆ ಹಿಂದೆ ಸರಿದು, ಹೊರಹೋಗುವ ದಾರಿಯ ಕಡೆ ನಡೆಯುವುದನ್ನು ನಾನು ಬಲ್ಲ ಅನುಭವಿ ತರಬೇತುದಾರರೆಲ್ಲ ಕಲಿಸುತ್ತಾರೆ. ಅದು ಸಾಧ್ಯವಾಗದೆ ಯಾರಾದರೂ ಬಿದ್ದರೆ, ಬಿದ್ದವನ ಬಳಿ ನಿಂತು ಸಹಾಯ ಕರೆಯುವುದು ಹೊಡೆದವನ ಕರ್ತವ್ಯವೂ ಹೌದು. ಉಸಿರಾಡುತ್ತಿದ್ದರೆ ಕತ್ತು ಅಲುಗದಂತೆ ನೋಡಿಕೊಳ್ಳಬೇಕು, ವಾಂತಿಯಾದರೆ ತಲೆ, ಕತ್ತು, ಮೈ ಒಟ್ಟಿಗೆ ಪಕ್ಕಕ್ಕೆ ಹೊರಳಿಸಬೇಕು, ನೀರು ಕುಡಿಸಬಾರದು, ಎಬ್ಬಿಸಿ ನಡೆಸಬಾರದು.

ಸಿನಿಮಾ ನೋಡದಂತೆ ತಡೆಯುವುದರಿಂದ ಪ್ರಯೋಜನ ಕಾಣೆ. 19 ವರ್ಷದವನನ್ನು ತಡೆಯಲೂ ಆಗದು. ಬದಲಾಗಿ ಅವನಿಗೆ ಇಷ್ಟವಾದ ಒಂದು ದೃಶ್ಯವನ್ನು ಸದ್ದಿಲ್ಲದೆ, ನಿಧಾನಗತಿಯಲ್ಲಿ ಅವನ ಜೊತೆ ಕುಳಿತು ನೋಡಿ. ಸದ್ದು ಹೋದ ಕೂಡಲೇ ಮುಷ್ಟಿಗೂ ಮುಖಕ್ಕೂ ನಡುವಿನ ಗಾಳಿ ಕಣ್ಣಿಗೆ ಕಾಣತೊಡಗುತ್ತದೆ.

ಕೊನೆಗೆ ಅವನ ಕೈ. ಈ ಮುರಿತ ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ಗೆಣ್ಣು ಸ್ವಲ್ಪ ತಗ್ಗಿದಂತೆ ಕಂಡರೂ ಹಿಡಿತಕ್ಕೆ ಹೆಚ್ಚಿನ ತೊಂದರೆಯಾಗದು. ಪ್ಲಾಸ್ಟರ್ ತೆಗೆದ ದಿನ ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಇಟ್ಟು, ಬೆರಳುಗಳನ್ನು ನಿಧಾನವಾಗಿ ಮಡಿಸಲು ಹೇಳಿ. ನಾಲ್ಕೂ ಬೆರಳುಗಳ ತುದಿ ಹೆಬ್ಬೆರಳಿನ ಬುಡದ ಮಣಿಕಟ್ಟಿನ ಕಡೆಗೆ ಬಾಗಬೇಕು. ಕಿರುಬೆರಳು ಓರೆಯಾಗಿ ಉಂಗುರಬೆರಳಿನ ಅಡಿಗೆ ತೂರಿಕೊಂಡರೆ ಮೂಳೆ ತಿರುಚಿಕೊಂಡು ಕೂಡಿದೆ ಎಂದರ್ಥ. ಅದು ವ್ಯಾಯಾಮದಿಂದ ಸರಿಯಾಗುವುದಿಲ್ಲ, ಅದೇ ವಾರ ಕೈಶಸ್ತ್ರಚಿಕಿತ್ಸಕರಿಗೆ ತೋರಿಸಿ.